ಮೈ ತುಂಬಿಕೊಂಡರೆ ಆರೋಗ್ಯವೇ?
ತರುಣಿಯರ ಸ್ಥೂಲಕಾಯ ಮತ್ತು ಹೃದಯ

ಅಫಜಲಪುರ, ಆಳಂದ, ಜೇವರ್ಗಿ ಸೀಮೆಯಲ್ಲಿ ಮಗಳು ತವರಿಗೆ ಬಂದಾಗ ‘ಮೈ ತುಂಬಿಕೊಂಡಿದ್ದಾಳೆ’ ಎಂದು ಹಿರಿಯರು ಸಂತೋಷಪಡುವುದುಂಟು. ಬರಗಾಲಗಳನ್ನು ಕಂಡುಂಡ ನಾಡಿನಲ್ಲಿ ಇದು ಸಹಜವೇ. ಆದರೆ ಇಪ್ಪತ್ತೈದು ಮೂವತ್ತರ ವಯಸ್ಸಿನಲ್ಲಿಯೇ ಹೊಟ್ಟೆಯ ಸುತ್ತ ಸೇರುವ ಕೊಬ್ಬು ಹೃದಯಕ್ಕೆ ಹೊರೆಯಾಗುತ್ತದೆಂಬುದನ್ನು ನಾವು ಮನಗಾಣಬೇಕಾಗಿದೆ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಅಧಿಕ ತೂಕವುಳ್ಳವರು 2015-16ರಲ್ಲಿ ಶೇ. 23.3ರಷ್ಟಿದ್ದರು, 2019-21ರಲ್ಲಿ ಶೇ. 30.1ಕ್ಕೆ ಏರಿದರು. ಅದೇ ಸಮೀಕ್ಷೆಯಲ್ಲಿ ಸುಮಾರು ಅರ್ಧದಷ್ಟು ಮಹಿಳೆಯರಿಗೆ ರಕ್ತಹೀನತೆಯೂ ಕಂಡುಬಂದಿದೆ. ದಪ್ಪಗಿರುವುದು ಪುಷ್ಟಿಯ ಗುರುತಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಹೊಟ್ಟೆಯೊಳಗಿನ ಕೊಬ್ಬು ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡಿಯಾಗುತ್ತದೆ. ರಕ್ತದಲ್ಲಿ ಸಕ್ಕರೆ ಹಾಗೂ ಕೆಟ್ಟ ಕೊಬ್ಬಿನ ಅಂಶ ಹೆಚ್ಚುತ್ತವೆ, ರಕ್ತದೊತ್ತಡ ಏರುತ್ತದೆ, ರಕ್ತನಾಳಗಳ ಒಳಗೋಡೆಯಲ್ಲಿ ಜಿಡ್ಡು ಕಟ್ಟುತ್ತದೆ. ಮುಟ್ಟು ನಿಲ್ಲುವವರೆಗೆ ಸ್ತ್ರೀಯರ ಹೃದಯಕ್ಕೆ ಹಾರ್ಮೋನುಗಳ ರಕ್ಷಣೆ ಒಂದಿಷ್ಟು ಇರುತ್ತದೆ. ಸ್ಥೂಲಕಾಯ ಮತ್ತು ಮಧುಮೇಹಗಳು ಆ ರಕ್ಷಣೆಯನ್ನು ಕುಗ್ಗಿಸುತ್ತವೆ. ಬಸಿರಿನಲ್ಲಿ ರಕ್ತದೊತ್ತಡ ಅಥವಾ ಸಕ್ಕರೆ ಏರಿದ್ದವರಿಗೆ ಮುಂದೆ ಹೃದ್ರೋಗದ ಸಂಭವ ಹೆಚ್ಚು. ಹೆರಿಗೆಯಾಯಿತೆಂದು ಅಂಥವರು ತಪಾಸಣೆಯನ್ನು ಬಿಡಬಾರದು.

ಹಿಂದೆ ಬೀಸುವುದು, ಕುಟ್ಟುವುದು, ಬಾವಿಯ ನೀರು ಸೇದುವುದು, ತೊಗರಿ ಹೊಲದಲ್ಲಿ ಕಳೆ ತೆಗೆಯುವುದು ನಿತ್ಯದ ಕಾಯಕವಾಗಿತ್ತು. ಈಗ ಗಿರಣಿ, ನಳ, ಮಿಕ್ಸರುಗಳು ಬಂದಿವೆ. ಕಷ್ಟ ಕಡಿಮೆಯಾದುದು ಒಳ್ಳೆಯದೇ. ಆದರೆ ಊಟ ಕಡಿಮೆಯಾಗಲಿಲ್ಲ, ಮೇಲೆ ಸಕ್ಕರೆಯ ಚಹಾ, ಭಜಿ, ಬಿಸ್ಕತ್ತುಗಳು ಸೇರಿದವು. ಬಾಣಂತಿಯ ತುಪ್ಪ, ಅಂಟಿನ ಉಂಡೆ ತಿಂಗಳುಗಟ್ಟಲೆ ಮುಂದುವರಿಯುತ್ತವೆ. ಎಲ್ಲರದಾದ ಮೇಲೆ ಹೊತ್ತು ಮೀರಿ ಉಣ್ಣುವ ಸೊಸೆ, ಕೆಡಿಸಬಾರದೆಂದು ಉಳಿದುದನ್ನೂ ತಾನೇ ತಿನ್ನುತ್ತಾಳೆ. ಪ್ರಸಾದವನ್ನು ಕೆಡಿಸಬಾರದೆಂಬ ಭಾವ ದೊಡ್ಡದು. ಆದರೆ ಅದು ಅಳೆದು ಅಡುವುದರಿಂದ ಆರಂಭವಾಗಬೇಕು.

ಪರೀಕ್ಷೆ ಸುಲಭ. ಹೊಲಿಗೆಯ ಟೇಪಿನಿಂದ ಸೊಂಟದ ಸುತ್ತಳತೆ ನೋಡಿಕೊಳ್ಳಬೇಕು. ನಮ್ಮ ದೇಶದ ಸ್ತ್ರೀಯರಿಗೆ ಅದು 80 ಸೆಂಟಿಮೀಟರ್, ಅಂದರೆ ಸುಮಾರು ಮೂವತ್ತೊಂದೂವರೆ ಇಂಚು ಮುಟ್ಟಿದರೆ ಎಚ್ಚರಗೊಳ್ಳಬೇಕು. ಸರಕಾರದ ತಪಾಸಣೆ ಸಾಮಾನ್ಯವಾಗಿ 30 ವರ್ಷ ತುಂಬಿದವರಿಗಾಗಿ ನಡೆಯುತ್ತದೆ. ಅದಕ್ಕಿಂತ ಕಿರಿಯರು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತಾವಾಗಿಯೇ ಕೇಳಿ ರಕ್ತದೊತ್ತಡ, ಸಕ್ಕರೆ ನೋಡಿಸಿಕೊಳ್ಳಬೇಕು.

ಪರಿಹಾರ ನಮ್ಮ ಅಡುಗೆಮನೆಯಲ್ಲಿಯೇ ಇದೆ. ಜೋಳದ ರೊಟ್ಟಿ, ಪುಂಡಿಪಲ್ಯ, ತೊಗರಿಬೇಳೆ, ಮೊಳಕೆ ಬಂದ ಹೆಸರುಕಾಳು ಇರಲಿ. ಅನ್ನ, ಎಣ್ಣೆ, ಸಕ್ಕರೆ ಇಳಿಯಲಿ. ಉಪ್ಪು ದಿನಕ್ಕೆ ಒಂದು ಚಹಾ ಚಮಚ ಮೀರದಿರಲಿ. ವಾರದಲ್ಲಿ ಐದು ದಿನ ಅರ್ಧ ಗಂಟೆ ಬಿರುಸಾಗಿ ನಡೆಯಬೇಕು. ತೂಕದಲ್ಲಿ ನೂರಕ್ಕೆ ಐದರಷ್ಟು ಇಳಿದರೂ ರಕ್ತದೊತ್ತಡ, ಸಕ್ಕರೆಗಳು ಸುಧಾರಿಸುತ್ತವೆ. ಎದೆ ಬಿಗಿತ, ಏದುಸಿರು, ದವಡೆ ಅಥವಾ ಬೆನ್ನಿನ ನೋವು, ತಣ್ಣನೆಯ ಬೆವರು ಒಮ್ಮೆಲೇ ಕಂಡರೆ ‘ಪಿತ್ತ’ವೆಂದು ಕೂಡದೆ 108ಕ್ಕೆ ಕರೆ ಮಾಡಬೇಕು. ಹೃದಯ ಚಿಕಿತ್ಸೆಗೆ ಕಲಬುರಗಿಯಲ್ಲಿಯೇ ಜಯದೇವ ಸಂಸ್ಥೆಯಿದೆ.

ದಪ್ಪಗಿರುವ ಹೆಣ್ಣುಮಕ್ಕಳನ್ನು ಹೀಯಾಳಿಸುವುದರಿಂದ ಯಾರ ತೂಕವೂ ಇಳಿಯದು. ಮನೆಯವರೆಲ್ಲ ಒಂದೇ ಹೊತ್ತಿಗೆ ಕುಳಿತು ಒಂದೇ ಬಗೆಯ ಹಿತಮಿತ ಆಹಾರವನ್ನು ಸೇವಿಸಲಿ. ಸಂಜೆ ಅರ್ಧ ಗಂಟೆ ಸೊಸೆಗೆ, ಮಗಳಿಗೆ ಬಿಡುವು ಸಿಗಲಿ. ಕಾಯಕಕ್ಕೆ ಕಾಯ ಬೇಕು. ಆ ಕಾಯವನ್ನು ಕಾಪಾಡಿಕೊಳ್ಳುವ ಅವಕಾಶವನ್ನು ಮನೆಯ ಹೆಣ್ಣುಮಕ್ಕಳಿಗೆ ಕೊಡುವುದು ಸದ್ಭಕ್ತರಾದ ನಮ್ಮೆಲ್ಲರ ಹೊಣೆ.