ಪಾಯಿಂಟ್ ಟೂ ಟೂ ತೋಟಾ: ಅಭಾವದ ಕಾರಣ, ಮಿತವ್ಯಯದ ದಾರಿ

ಹಾಸನ ಜಿಲ್ಲೆಯಲ್ಲಿ ಕೋವಿ ಎಂದೊಡನೆ ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದು ಮನೆಯಲ್ಲಿಟ್ಟುಕೊಂಡ ಒಂಟಿ ನಳಿಗೆಯ ಅಥವಾ ಜೋಡಿ ನಳಿಗೆಯ ಬಂದೂಕು ನೆನಪಾಗುವುದು ಸಹಜ. ಆದರೆ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಶಾಲಾ ಕಾಲೇಜುಗಳಿಂದ ಎನ್‌ಸಿಸಿ ಸೇರುವ ಹುಡುಗ ಹುಡುಗಿಯರು ಗುರಿ ಕಲಿಯಲು ಮೊದಲು ಕೈಗೆತ್ತಿಕೊಳ್ಳುವುದು ಆ ದೊಡ್ಡ ಕೋವಿಯನ್ನಲ್ಲ, ಪಾಯಿಂಟ್ ಟೂ ಟೂ ಎಂದು ಎಲ್ಲರೂ ಕರೆಯುವ ಸಣ್ಣ ಬಾಯಿಯ ರೈಫಲನ್ನು. ನಳಿಗೆಯ ಒಳವ್ಯಾಸ ಒಂದು ಇಂಚಿನ ನೂರರಲ್ಲಿ ಇಪ್ಪತ್ತೆರಡು ಪಾಲು, ಅಂದರೆ ಸುಮಾರು 5.6 ಮಿಲಿಮೀಟರ್ ಇರುವುದರಿಂದ ಅದಕ್ಕೆ ಈ ಹೆಸರು. ಒದೆತ ಕಡಿಮೆ, ಸದ್ದು ಕಡಿಮೆ, ಖರ್ಚೂ ಕಡಿಮೆ ಎಂಬ ಕಾರಣಕ್ಕೆ ಜಗತ್ತಿನಾದ್ಯಂತ ಕಲಿಕೆಯ ರೈಫಲ್ ಎನಿಸಿಕೊಂಡ ಇದರ ತೋಟಾ, ಕಳೆದ ಒಂದೂವರೆ ದಶಕದಲ್ಲಿ ಮತ್ತೆ ಮತ್ತೆ ಅಭಾವಕ್ಕೆ ಸಿಲುಕಿದೆ, ಬೆಲೆಯೂ ಏರಿದೆ. ಆ ಅಭಾವ ಏಕೆ ಬರುತ್ತದೆ ಮತ್ತು ಅದನ್ನು ಕ್ರೀಡಾಳುಗಳೂ ತರಬೇತುದಾರರೂ ಹೇಗೆ ನಿಭಾಯಿಸಬಹುದು ಎಂಬುದನ್ನು ತಿಳಿಯಲು ಮೊದಲು ತೋಟಾದ ರಚನೆಯನ್ನೇ ನೋಡಬೇಕಾಗುತ್ತದೆ.

ತೋಟಾ ಎಂದರೆ ನಾಲ್ಕು ವಸ್ತುಗಳ ಒಂದು ಕಟ್ಟು: ಹಿತ್ತಾಳೆಯ ಕೋಶ, ಅದರೊಳಗಿನ ಮದ್ದು, ಮದ್ದಿಗೆ ಕಿಡಿ ತಾಗಿಸುವ ಸ್ಫೋಟಕ ಲೇಪ, ಮತ್ತು ಕೋಶದ ಬಾಯಿಗೆ ಕೂರಿಸಿದ ಸೀಸದ ಗುಂಡು. ಸೇನೆಯ ರೈಫಲುಗಳ ತೋಟಾದಲ್ಲಿ ಕಿಡಿಯ ಲೇಪವು ಕೋಶದ ಬುಡದ ನಡುವೆ ಕೂರಿಸಿದ ಪ್ರತ್ಯೇಕ ಕೇಪಿನಲ್ಲಿರುತ್ತದೆಯಾದ್ದರಿಂದ, ಬಳಸಿದ ಕೇಪನ್ನು ತೆಗೆದು ಹೊಸದನ್ನು ಹಾಕಿ, ಮದ್ದು ಗುಂಡು ತುಂಬಿ, ಅದೇ ಕೋಶವನ್ನು ಮತ್ತೆ ಬಳಸುವುದು ತಾಂತ್ರಿಕವಾಗಿ ಸಾಧ್ಯ. ಪಾಯಿಂಟ್ ಟೂ ಟೂ ತೋಟಾದಲ್ಲಿ ಹಾಗಿಲ್ಲ. ಅದರ ಬುಡದ ಸುತ್ತ ಹೊರಚಾಚಿದ ಟೊಳ್ಳು ಅಂಚಿನೊಳಗೇ, ಬೆಂಕಿಕಡ್ಡಿಯ ತಲೆಗೆ ಮದ್ದು ಹಚ್ಚಿದಂತೆ, ಕಿಡಿಯ ಲೇಪ ಹರಡಿರುತ್ತದೆ. ಬಂದೂಕಿನ ಸೂಜಿ ಆ ಅಂಚನ್ನು ಜಜ್ಜಿದಾಗ ಲೇಪ ಉರಿದು ಮದ್ದು ಹೊತ್ತಿಕೊಳ್ಳುತ್ತದೆ. ಅಂಚು ಎಂಬರ್ಥದ ರಿಮ್ ಎಂಬ ಪದದಿಂದಲೇ ಈ ಬಗೆಯ ತೋಟಾಕ್ಕೆ ರಿಮ್‌ಫೈರ್ ಎಂಬ ಹೆಸರು ಬಂದಿದೆ. 1845ರ ಸುಮಾರಿಗೆ ಫ್ರಾನ್ಸಿನ ಫ್ಲೋಬೆರ್ ರೂಪಿಸಿದ ಈ ಕಲ್ಪನೆಯನ್ನು 1857ರಲ್ಲಿ ಅಮೆರಿಕದ ಸ್ಮಿತ್ ಅಂಡ್ ವೆಸನ್ ಕಂಪನಿ ಮಾರುಕಟ್ಟೆಗೆ ತಂದಿತು. ಇಂದು ಎಲ್ಲೆಡೆ ಬಳಕೆಯಲ್ಲಿರುವ ಲಾಂಗ್ ರೈಫಲ್ ಎಂಬ ರೂಪ 1887ರದು. ಹಾರಿದ ಕೋಶವನ್ನು ಬೆರಳಲ್ಲಿ ಹಿಡಿದು ನೋಡಿದರೆ ಅಂಚಿನ ಒಂದು ಕಡೆ ಸೂಜಿಯ ಚಿಕ್ಕ ತಗ್ಗು ಸ್ಪಷ್ಟವಾಗಿ ಕಾಣುತ್ತದೆ. ಒಮ್ಮೆ ಜಜ್ಜಿದ ಆ ಅಂಚಿಗೆ ಮತ್ತೆ ಲೇಪ ತುಂಬಿ ಮೊದಲಿನಂತೆ ಮಾಡುವುದು ಕಾರ್ಖಾನೆಯ ಹೊರಗೆ ಆಗದ ಕೆಲಸವಾದ್ದರಿಂದ, ಹಾರಿಸಿದ ಪ್ರತಿಯೊಂದು ತೋಟಾದ ಬದಲಿಗೆ ಹೊಸ ತೋಟಾವನ್ನೇ ಕೊಳ್ಳಬೇಕು. ಅಭಾವದ ಮೂಲ ಇಲ್ಲಿದೆ.

ಎರಡನೆಯ ಕಾರಣ ತಯಾರಕರ ಸಂಖ್ಯೆ ಕಡಿಮೆಯಿರುವುದು. ಭಾರತದಲ್ಲಿ ಈ ತೋಟಾವನ್ನು ಬಹುಕಾಲದಿಂದ ತಯಾರಿಸುತ್ತ ಬಂದದ್ದು ಪುಣೆ ಬಳಿಯ ಖಡಕಿಯ ಮದ್ದುಗುಂಡು ಕಾರ್ಖಾನೆ. ಆರ್ಡ್‌ನೆನ್ಸ್ ಫ್ಯಾಕ್ಟರಿ ಬೋರ್ಡನ್ನು ವಿಸರ್ಜಿಸಿ 2021ರ ಅಕ್ಟೋಬರ್ 1ರಿಂದ ಏಳು ಸರ್ಕಾರಿ ಕಂಪನಿಗಳನ್ನಾಗಿ ಮಾಡಿದ ಮೇಲೆ ಅದು ಮ್ಯೂನಿಷನ್ಸ್ ಇಂಡಿಯಾ ಲಿಮಿಟೆಡ್‌ನ ಭಾಗವಾಗಿದೆ. ಸೇನೆಯ ಬೇಡಿಕೆ ಪೂರೈಸುವುದೇ ಮುಖ್ಯ ಹೊಣೆಯಾದ ಕಾರ್ಖಾನೆಯಲ್ಲಿ ಕ್ರೀಡೆಯ ತೋಟಾ ಮೊದಲ ಆದ್ಯತೆಯಾಗಲಾರದು. ಸ್ಪರ್ಧೆಯ ಮಟ್ಟದ ತೋಟಾಗಳಂತೂ ಬಹುಪಾಲು ಹೊರದೇಶದವು: ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಈಲಿ, ಜರ್ಮನಿಯ ಆರ್‌ಡಬ್ಲ್ಯುಎಸ್, ಫಿನ್ಲೆಂಡ್ ಮೂಲದ ಲಾಪುವಾ ಮತ್ತು ಅದರೊಂದಿಗೇ ಜರ್ಮನಿಯ ಶೋನೆಬೆಕ್‌ನಲ್ಲಿ ತಯಾರಾಗುವ ಎಸ್‌ಕೆ. ಆಮದಾಗುವ ವಸ್ತುವಿನ ಬೆಲೆ ರೂಪಾಯಿಯ ಮೌಲ್ಯಕ್ಕೆ ಕಟ್ಟುಬಿದ್ದಿರುತ್ತದೆ; 2010ರ ಸುಮಾರಿಗೆ 45 ರೂಪಾಯಿಯ ಆಸುಪಾಸಿನಲ್ಲಿದ್ದ ಡಾಲರ್ 2023ರಲ್ಲಿ 83 ರೂಪಾಯಿ ದಾಟಿತ್ತೆಂದರೆ, ಕಾರ್ಖಾನೆಯಲ್ಲಿ ಬೆಲೆ ಒಂದು ಕಾಸೂ ಏರದಿದ್ದರೂ ಇಲ್ಲಿನ ಕ್ರೀಡಾಳುವಿಗೆ ಅದು ದುಪ್ಪಟ್ಟಿನ ಸಮೀಪ ಬಂದು ನಿಲ್ಲುತ್ತಿತ್ತೆಂಬುದು ಸರಳ ಗಣಿತ.

ಇದರ ಮೇಲೆ ದೂರದ ದೇಶಗಳ ಗಾಬರಿಯೂ ಸೇರುತ್ತದೆ. 2012ರ ಡಿಸೆಂಬರಿನಲ್ಲಿ ಅಮೆರಿಕದ ಸ್ಯಾಂಡಿ ಹುಕ್ ಶಾಲೆಯಲ್ಲಿ ನಡೆದ ಹತ್ಯಾಕಾಂಡದ ನಂತರ ಕಾನೂನು ಬಿಗಿಯಾಗಬಹುದೆಂಬ ಭಯದಿಂದ ಅಲ್ಲಿನ ಜನ ಪಾಯಿಂಟ್ ಟೂ ಟೂ ತೋಟಾಗಳನ್ನು ಸಿಕ್ಕಷ್ಟು ಕೊಂಡು ದಾಸ್ತಾನು ಮಾಡಿದರು. ಅಂಗಡಿಗಳು ಒಬ್ಬರಿಗೆ ಇಂತಿಷ್ಟೇ ಡಬ್ಬಿ ಎಂದು ಮಿತಿ ಹಾಕಿದರೂ ಕಪಾಟುಗಳು ವರ್ಷಗಟ್ಟಲೆ ಬರಿದಾಗಿದ್ದವು. 2020ರ ಕೋವಿಡ್ ಕಾಲದಲ್ಲಿ ಅದೇ ಮರುಕಳಿಸಿತು. 2022ರಲ್ಲಿ ಉಕ್ರೇನ್ ಯುದ್ಧ ಆರಂಭವಾದ ಮೇಲೆ ಯುರೋಪಿನ ಮದ್ದುಗುಂಡು ಉದ್ಯಮದ ಗಮನ ಸೇನೆಯ ಬೇಡಿಕೆಯತ್ತ ತಿರುಗಿತು. ತೋಟಾಗಳನ್ನು ತಯಾರಿಸುವ ಯಂತ್ರಗಳನ್ನು ಒಂದೆರಡು ತಿಂಗಳಲ್ಲಿ ಹೆಚ್ಚಿಸಲಾಗದು, ಒಂದೆರಡು ವರ್ಷದ ಬೇಡಿಕೆಗಾಗಿ ಹೊಸ ಸಾಲು ಯಂತ್ರ ಹೂಡಲು ಯಾವ ಕಾರ್ಖಾನೆಯೂ ಸುಲಭಕ್ಕೆ ಒಪ್ಪದು. ಹೀಗಾಗಿ ಜನರ ಭಯದಿಂದ ಹುಟ್ಟಿದ ಕೊರತೆ ಆ ಭಯ ಕಳೆದ ಮೇಲೂ ಬಹುಕಾಲ ಉಳಿಯುತ್ತದೆ.

ಭಾರತದಲ್ಲಿ ಅಂಥ ದಾಸ್ತಾನಿಗೆ ಕಾನೂನೇ ಅವಕಾಶ ಕೊಡುವುದಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆ ಮತ್ತು 2016ರ ನಿಯಮಗಳ ಪ್ರಕಾರ ತೋಟಾವನ್ನು ಪರವಾನಗಿದಾರ ಅಂಗಡಿಯಿಂದಲೇ, ಪರವಾನಗಿಯಲ್ಲಿ ಬರೆದ ಮಿತಿಯೊಳಗೇ ಕೊಳ್ಳಬೇಕು. 2020ರ ಫೆಬ್ರುವರಿಯಲ್ಲಿ ಕೇಂದ್ರ ಗೃಹ ಸಚಿವಾಲಯ ಕ್ರೀಡಾಳುಗಳ ಅಭ್ಯಾಸಕ್ಕಾಗಿ ಪಾಯಿಂಟ್ ಟೂ ಟೂ ತೋಟಾಗಳ ವಾರ್ಷಿಕ ಮಿತಿಯನ್ನು 1000ದಿಂದ 5000ಕ್ಕೆ ಏರಿಸಿತು. ಇದು ದೊಡ್ಡ ಉಪಕಾರವೇ. ಆದರೂ ವಾರಕ್ಕೆ ಐದು ದಿನ, ದಿನಕ್ಕೊಂದು ಪಂದ್ಯದಷ್ಟು, ಅಂದರೆ 60 ಗುಂಡು ಹಾರಿಸುವ ಕ್ರೀಡಾಳುವಿಗೆ ವರ್ಷದ 50 ವಾರಗಳಿಗೆ 15,000 ತೋಟಾ ಬೇಕಾಗುತ್ತವೆ. ಆದ್ದರಿಂದ ಅಂಗಡಿಯಲ್ಲಿ ತೋಟಾ ಹೇರಳವಾಗಿದ್ದ ಕಾಲದಲ್ಲೂ, ಕೈಯಲ್ಲಿ ಹಣವಿದ್ದರೂ, ಎಲ್ಲ ಅಭ್ಯಾಸವನ್ನೂ ತೋಟಾ ಸುಟ್ಟೇ ಮಾಡುವ ದಾರಿ ಹೊಸ ಕ್ರೀಡಾಳುವಿಗೆ ಮುಚ್ಚಿದೆ. ಮಿತವ್ಯಯವು ಇಲ್ಲಿ ಕೊರತೆಯ ಕಾಲದ ತಾತ್ಕಾಲಿಕ ಉಪಾಯವಲ್ಲ, ಕಲಿಕೆಯ ಶಾಶ್ವತ ಅಂಗ.

ಈ ಶಿಸ್ತನ್ನು ಎನ್‌ಸಿಸಿಯ ಗುಂಡು ಹಾರಿಸುವ ಮೈದಾನದಲ್ಲಿ ಚೆನ್ನಾಗಿ ಕಾಣಬಹುದು. ಕೆಡೆಟ್ ದರಿಯ ಮೇಲೆ ಬೋರಲಾಗಿ ಮಲಗಿ, ಮೊಣಕೈಗಳನ್ನು ಊರಿ, ಎಣಿಸಿ ಕೊಟ್ಟ ಐದು ಸುತ್ತುಗಳನ್ನು ಒಂದೊಂದಾಗಿ ತುಂಬಿ ಹಾರಿಸುತ್ತಾನೆ. ಮುಗಿದ ಮೇಲೆ ಹಾರಿದ ಕೋಶಗಳನ್ನು, ಅಲ್ಲಿನ ಮಾತಿನಲ್ಲಿ ಖೋಖಾಗಳನ್ನು, ಆರಿಸಿ ಎಣಿಸಿ ಒಪ್ಪಿಸಬೇಕು, ಒಂದು ಕಡಿಮೆಯಾದರೂ ಎಲ್ಲರೂ ಹುಲ್ಲಿನಲ್ಲಿ ಹುಡುಕಬೇಕು. ಅಂಕಕ್ಕಿಂತ ಮೊದಲು ಅಲ್ಲಿ ನೋಡುವುದು ಗ್ರೂಪಿಂಗ್, ಎಂದರೆ ಐದು ಗುಂಡುಗಳು ಎಷ್ಟು ಹತ್ತಿರ ಹತ್ತಿರ ಬಿದ್ದಿವೆ ಎಂಬುದನ್ನು. ಗುರಿಯ ನಡುವಿನಿಂದ ದೂರ ಬಿದ್ದರೂ ಐದೂ ಒಟ್ಟಿಗಿದ್ದರೆ ಕೈ ಸರಿಯಿದೆ, ದೃಷ್ಟಿಪಟ್ಟಿಯನ್ನು, ಎಂದರೆ ರೈಫಲಿನ ಸೈಟನ್ನು, ತಿದ್ದಿದರೆ ಸಾಕು ಎಂದರ್ಥ. ಐದು ತೋಟಾಗಳಿಂದ ಇಷ್ಟು ತಿಳಿಯುವುದಾದರೆ ಐವತ್ತು ಸುಡುವ ಅಗತ್ಯವೇನಿದೆ?

ಆ ಐದು ಸುತ್ತುಗಳಿಗೆ ಮೊದಲು ನಡೆಯಬೇಕಾದದ್ದು ತೋಟಾ ಇಲ್ಲದ ಅಭ್ಯಾಸ. ರೈಫಲ್ ಖಾಲಿಯಿದೆಯೆಂದು ಇಬ್ಬರು ನೋಡಿ ಖಚಿತಪಡಿಸಿಕೊಂಡ ನಂತರ, ತೋಟಾಗಳನ್ನು ಬೇರೆ ಕೋಣೆಯಲ್ಲಿಟ್ಟು, ಗುರಿ ಹಿಡಿದು, ಉಸಿರು ತಡೆದು, ಕುದುರೆಯನ್ನು, ಎಂದರೆ ಟ್ರಿಗರನ್ನು, ಹಗುರವಾಗಿ ಒತ್ತುವುದೇ ಅದರ ಮುಖ್ಯ ಪಾಠ. ನಳಿಗೆಯ ತುದಿಯ ಮೇಲೆ ಒಂದು ನಾಣ್ಯವಿಟ್ಟು, ಕುದುರೆ ಬಿದ್ದಾಗಲೂ ನಾಣ್ಯ ಉರುಳದಂತೆ ಒತ್ತುವ ಹಳೆಯ ಕಸರತ್ತು ಇಂದಿಗೂ ಅಷ್ಟೇ ಉಪಯುಕ್ತ. ಆದರೆ ರಿಮ್‌ಫೈರ್ ರೈಫಲಿನಲ್ಲಿ ಒಂದು ಎಚ್ಚರಿಕೆ ಅಗತ್ಯ: ತೋಟಾ ಇಲ್ಲದಿದ್ದಾಗ ಸೂಜಿ ನೇರವಾಗಿ ನಳಿಗೆಯ ಹಿಂಬಾಯಿಯ ಅಂಚಿಗೆ ಬಡಿದು ಅದನ್ನು ಕೆಡಿಸಬಹುದಾದ್ದರಿಂದ, ಪ್ಲಾಸ್ಟಿಕ್ಕಿನ ಹುಸಿ ತೋಟಾ ಬಳಸಬೇಕು, ಇಲ್ಲವೇ ಒಣ ಅಭ್ಯಾಸಕ್ಕೆಂದೇ ವ್ಯವಸ್ಥೆಯಿರುವ ರೈಫಲನ್ನು ಆರಿಸಿಕೊಳ್ಳಬೇಕು.

ಎರಡನೆಯ ದಾರಿ ಏರ್ ರೈಫಲ್. ಗಾಳಿಯ ಒತ್ತಡದಿಂದ 4.5 ಮಿಲಿಮೀಟರಿನ ಸೀಸದ ಪೆಲೆಟನ್ನು ಹಾರಿಸುವ ಈ ಸಾಧನಕ್ಕೆ ಮದ್ದೂ ಬೇಡ, ಕೋಶವೂ ಬೇಡ. ಹೊರಡುವಾಗಿನ ಶಕ್ತಿ 20 ಜೂಲ್ ಮೀರದ, ಒಳವ್ಯಾಸ 4.5 ಮಿಲಿಮೀಟರ್ ದಾಟದ ಏರ್ ರೈಫಲಿಗೆ 2016ರ ನಿಯಮಗಳಡಿ ಪರವಾನಗಿಯೂ ಬೇಕಿಲ್ಲ. ಹತ್ತು ಮೀಟರ್ ಉದ್ದದ ಒಂದು ಸುಭದ್ರ ಕೋಣೆಯಿದ್ದರೆ ಅಭ್ಯಾಸಕ್ಕೆ ಸಾಕು. ಇದು ಮಕ್ಕಳಾಟವೆಂದು ಯಾರೂ ಭಾವಿಸಬಾರದು: ಹತ್ತು ಮೀಟರ್ ಸ್ಪರ್ಧೆಯಲ್ಲಿ ರೈಫಲ್ ಗುರಿಯ ಹತ್ತರ ಅಂಕದ ಚುಕ್ಕೆಯ ಅಗಲ ಬರೀ ಅರ್ಧ ಮಿಲಿಮೀಟರ್. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಏರ್ ರೈಫಲಿನಲ್ಲಿ. 2024ರ ಪ್ಯಾರಿಸ್‌ನಲ್ಲಿ ಭಾರತಕ್ಕೆ ಬಂದ ಮೂರು ಶೂಟಿಂಗ್ ಪದಕಗಳ ಪೈಕಿ ಎರಡು ಏರ್ ಪಿಸ್ತೂಲಿನವು. ಮೂರನೆಯದು, ಬೆಳಗಾವಿ ಗಡಿಗೆ ಅಂಟಿಕೊಂಡ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ 50 ಮೀಟರ್ ರೈಫಲಿನ ಮೂರು ಭಂಗಿಗಳ ಸ್ಪರ್ಧೆಯಲ್ಲಿ 451.4 ಅಂಕದೊಂದಿಗೆ ಗೆದ್ದ ಕಂಚು, ಪಾಯಿಂಟ್ ಟೂ ಟೂ ತೋಟಾದ್ದು. ಗಾಳಿಯ ಬಂದೂಕು, ಪಾಯಿಂಟ್ ಟೂ ಟೂ ಎರಡರ ನಂಟಿಗೆ ಬೆಂಗಳೂರಿನ ಪ್ರಕಾಶ್ ನಂಜಪ್ಪ ಒಳ್ಳೆಯ ನಿದರ್ಶನ: 2014ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಏರ್ ಪಿಸ್ತೂಲಿನಲ್ಲಿ ಬೆಳ್ಳಿ ಗೆದ್ದ ಅವರು 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಭಾಗವಹಿಸಿದ್ದು ಪಾಯಿಂಟ್ ಟೂ ಟೂ ತೋಟಾ ಬಳಸುವ 50 ಮೀಟರ್ ಪಿಸ್ತೂಲಿನಲ್ಲಿ. ಭಂಗಿ, ಉಸಿರು, ಕುದುರೆಯ ಮೇಲಿನ ಬೆರಳು ಎರಡಕ್ಕೂ ಒಂದೇ.

ಕೊಳ್ಳುವಾಗ ಗಮನಿಸಬೇಕಾದದ್ದು ಲಾಟ್, ಅಂದರೆ ಒಂದೇ ಸಲಕ್ಕೆ ಒಂದೇ ಯಂತ್ರದಲ್ಲಿ ತಯಾರಾದ ಕಂತು. ಒಂದೇ ಹೆಸರಿನ ತೋಟಾವಾದರೂ ಲಾಟ್ ಬದಲಾದರೆ ಗುಂಡು ಬೀಳುವ ಜಾಗ ಬದಲಾಗಬಹುದು, ಮತ್ತೆ ದೃಷ್ಟಿಪಟ್ಟಿ ಸರಿಪಡಿಸಲು ಹತ್ತಾರು ತೋಟಾ ವ್ಯರ್ಥವಾಗಬಹುದು. ಆದ್ದರಿಂದ ನಾಲ್ಕೈದು ಕ್ರೀಡಾಳುಗಳು ಮಾತಾಡಿಕೊಂಡು, ಒಂದೇ ಲಾಟಿನ ತೋಟಾವನ್ನು ತಮ್ಮ ತಮ್ಮ ಪರವಾನಗಿಯ ಮೇಲೆ ಒಂದೇ ಸಲಕ್ಕೆ ಕೊಳ್ಳುವುದು ಜಾಣತನ. ದುಬಾರಿ ತೋಟಾವನ್ನು ಪಂದ್ಯಕ್ಕೂ ಅದರ ಮುಂಚಿನ ಕೆಲವು ದಿನಗಳಿಗೂ ಮೀಸಲಿಟ್ಟು, ಉಳಿದ ಕಾಲ ಸಾಧಾರಣ ತೋಟಾ ಬಳಸಿದರೆ ಸಾಕು. ಸಂಗ್ರಹದ ವಿಷಯದಲ್ಲಿ ಅರಕಲಗೂಡಿನ ಮಳೆಗಾಲದ ತೇವವೂ ಚನ್ನರಾಯಪಟ್ಟಣದ ಬೇಸಿಗೆಯ ಬಿಸಿಲೂ ಹಾನಿಕರವೇ: ತೇವದಿಂದ ಹಿತ್ತಾಳೆ ಕಿಲುಬು ಹಿಡಿಯುತ್ತದೆ, ಬಿಸಿಲಿಗೆ ಬಿಟ್ಟ ಕಾರಿನಲ್ಲಿ ಗುಂಡಿನ ಮೇಲಿನ ಮೇಣ ಕರಗುತ್ತದೆ. ಮೂಲ ಡಬ್ಬಿಯಲ್ಲೇ, ಬೀಗ ಹಾಕಿದ ಒಣ ಜಾಗದಲ್ಲಿಟ್ಟರೆ ತೋಟಾ ಹಲವು ವರ್ಷ ಕೆಡದೆ ಉಳಿಯುತ್ತದೆ. ಸೂಜಿ ಬಡಿದೂ ಹಾರದ ತೋಟಾವನ್ನು, ಬೆಲೆ ಎಷ್ಟೇ ಇರಲಿ, ನಳಿಗೆಯನ್ನು ಗುರಿಯತ್ತಲೇ ಹಿಡಿದು ಅರ್ಧ ನಿಮಿಷವಾದರೂ ಕಾದು ತೆಗೆದು, ಮೈದಾನದ ಉಸ್ತುವಾರಿಗೆ ಒಪ್ಪಿಸಬೇಕು.

ಹಳ್ಳಿಯ ಕೋವಿಗಳ ಮಾತೇ ಬೇರೆ. ಅವುಗಳಲ್ಲಿ ಕೇಪಿನ ಕೋವಿಗೆ ಮದ್ದು, ಚರೆ, ಕೇಪು ಬೇಕು. ತೋಟಾ ಕೋವಿಗೆ ಖಡಕಿಯಲ್ಲೇ ತಯಾರಾಗುವ ಶಕ್ತಿಮಾನ್ ಹೆಸರಿನ ಹನ್ನೆರಡು ಬೋರಿನ ತೋಟಾ ಬೇಕು. ಅರಕಲಗೂಡು ತಾಲ್ಲೂಕಿನ ಗಡಿ ದಾಟಿದರೆ ಸಿಗುವ ಕೊಡಗಿನಲ್ಲಿ ಕೊಡವ ಜನಾಂಗದವರಿಗೂ ಜಮ್ಮಾ ಎಂಬ ಪಾರಂಪರಿಕ ಭೂ ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿಯಿದೆ, ಅದು 2029ರವರೆಗೆ ವಿಸ್ತರಣೆಯಾಗಿದೆ, 2021ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ಗಡಿಯ ಈಚೆಯ ರೈತನಿಗೆ ಆ ವಿನಾಯಿತಿಯಿಲ್ಲ. ತೋಟಾ ದುಬಾರಿಯಾದಾಗ ಹಾರಿದ ಕೋಶಕ್ಕೆ ಮನೆಯಲ್ಲೇ ಮದ್ದು ತುಂಬುವ, ಪರವಾನಗಿಯಿಲ್ಲದವರಿಂದ ಕೊಳ್ಳುವ ಆಸೆ ಹುಟ್ಟುವುದುಂಟು. ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದು ಗಂಭೀರ ಅಪರಾಧವೆಂಬುದಕ್ಕಿಂತಲೂ, ಅಳತೆ ತಪ್ಪಿದ ಮದ್ದಿನಿಂದ ನಳಿಗೆ ಸಿಡಿದರೆ ಹೋಗುವುದು ಹಾರಿಸಿದವನ ಕೈ ಮತ್ತು ಕಣ್ಣು ಎಂಬುದು ದೊಡ್ಡ ಮಾತು. ಅಗ್ಗವೆಂದು ಪಾಯಿಂಟ್ ಟೂ ಟೂ ರೈಫಲನ್ನು ಕಾಡುಹಂದಿಯ ಮೇಲೆ ಪ್ರಯೋಗಿಸುವುದೂ ತಪ್ಪು, 2.6 ಗ್ರಾಂ ತೂಕದ ಆ ಗುಂಡು ದಪ್ಪ ಚರ್ಮದ ಪ್ರಾಣಿಯನ್ನು ಗಾಯಗೊಳಿಸಿ ಓಡಿಸುತ್ತದೆಯೇ ಹೊರತು ಬೇರೇನೂ ಮಾಡದು, ಗಾಯಗೊಂಡ ಹಂದಿ ಮೊದಲಿಗಿಂತ ಹೆಚ್ಚು ಅಪಾಯಕಾರಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಧಿಕೃತ ಅನುಮತಿಯಿಲ್ಲದೆ ಅದನ್ನು ಕೊಲ್ಲುವಂತೆಯೂ ಇಲ್ಲ.

ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯೂ ಮೊದಲು ಹೇಳಿದ ನಾಲ್ಕು ಊರುಗಳ ಕಾಲೇಜುಗಳ ಆಡಳಿತವೂ ಇಲ್ಲಿ ಮಾಡಬಹುದಾದ ಕೆಲಸ ಸ್ಪಷ್ಟವಿದೆ. ಪ್ರತಿ ಊರಿನಲ್ಲಿ ಒಂದಾದರೂ ಹತ್ತು ಮೀಟರಿನ ಏರ್ ರೈಫಲ್ ಕೋಣೆ ತೆರೆದು, ಅಲ್ಲಿ ಕೈ ಕುದುರಿದ ಮಕ್ಕಳನ್ನಷ್ಟೇ ಪಾಯಿಂಟ್ ಟೂ ಟೂ ಮೈದಾನಕ್ಕೆ ಕಳುಹಿಸಿದರೆ, ಜಿಲ್ಲೆಗೆ ಸಿಗುವ ಸ್ವಲ್ಪ ತೋಟಾವೂ ಯೋಗ್ಯರ ಕೈ ಸೇರುತ್ತದೆ. ಬರುವ ಶೈಕ್ಷಣಿಕ ವರ್ಷಕ್ಕೆ ಮುಂಚೆಯೇ ಅವರು ಇದನ್ನು ಕೈಗೆತ್ತಿಕೊಳ್ಳಬೇಕು.