ಕಾರ್ಯಕರ್ತೆಯ ಗುರಿಯೂ ಸಂಸಾರದ ಕ್ಷೇಮವೂ ಒಂದಾಗಲಿ

ಹೊಲದಲ್ಲಿ ಕಳೆ ತೆಗೆಸುವ ಕಾಲ ಬಂದಾಗ ನೀವು ಎರಡು ರೀತಿಯಲ್ಲಿ ಕೆಲಸ ಮಾಡಿಸಬಹುದು. ದಿನಗೂಲಿ ಕೊಟ್ಟು ಮಾಡಿಸಬಹುದು. ಇಲ್ಲವೆ ಸಾಲಿಗೆ ಇಷ್ಟು ಎಂದು ಗುತ್ತಿಗೆ ಕೊಡಬಹುದು. ಗುತ್ತಿಗೆ ಕೊಟ್ಟರೆ ಕೆಲಸ ಬೇಗ ಮುಗಿಯುತ್ತದೆ. ಆದರೆ ಎಂಟು ದಿನ ಬಿಟ್ಟು ಹೊಲಕ್ಕೆ ಹೋದರೆ, ಬೇರುಸಹಿತ ಕೀಳದೆ ಮೇಲೆ ಮೇಲೆ ಹರಿದುಹಾಕಿದ ಕಳೆಯು ಮತ್ತೆ ಚಿಗುರಿರುವುದನ್ನು ಕಾಣುವಿರಿ. ಇದಕ್ಕೆ ಆಳುಗಳನ್ನು ಮಾತ್ರ ದೂರಿ ಫಲವಿಲ್ಲ. ನೀವು ಸಾಲುಗಳನ್ನು ಎಣಿಸಿದಿರಿ. ಅವರು ಸಾಲುಗಳನ್ನೇ ಮುಗಿಸಿಕೊಟ್ಟರು. ನಿಮಗೆ ಬೇಕಾಗಿದ್ದುದು ಬೆಳೆ; ಅದನ್ನು ಯಾರೂ ಎಣಿಸಲಿಲ್ಲ.

ದುಡಿಯುವವರ ಗುರಿ ಒಂದಾಗಿ, ದುಡಿಸುವವರ ಧ್ಯೇಯ ಇನ್ನೊಂದಾದರೆ ಶ್ರಮವೆಲ್ಲ ವ್ಯರ್ಥವಾಗುವುದು. ಕಾರ್ಖಾನೆಗೆ, ಸಹಕಾರಿ ಸಂಘಕ್ಕೆ, ಸರ್ಕಾರದ ಇಲಾಖೆಗೆ, ಎಲ್ಲಕ್ಕೂ ಈ ಮಾತು ಅನ್ವಯಿಸುತ್ತದೆ. ನಿಮ್ಮ ಮನೆಯ ಬಾಗಿಲಿಗೆ ಬರುವ ಆಶಾ ಕಾರ್ಯಕರ್ತೆಗೂ, ಉಪಕೇಂದ್ರದಲ್ಲಿ ನೀವು ಸಿಸ್ಟರ್ ಎಂದು ಕರೆಯುವ ಆರೋಗ್ಯ ಸಹಾಯಕಿಗೂ ಇದು ಅನ್ವಯಿಸುತ್ತದೆ. ಅವರ ಪುಸ್ತಕದಲ್ಲಿ ಏನನ್ನು ಎಣಿಸಲಾಗುತ್ತದೆ ಎಂಬುದು ನಿಮ್ಮ ಸಂಸಾರದ ಕ್ಷೇಮಕ್ಕೆ ಸಂಬಂಧಿಸಿದ ವಿಷಯ. ಆದುದರಿಂದ ಪ್ರತಿಯೊಬ್ಬ ದಂಪತಿಗಳೂ ಇದನ್ನು ತಿಳಿದಿರುವುದು ಅಗತ್ಯ.

ನಮ್ಮ ಶರಣರು ತೋರಿದ ದಾರಿ

ಈ ವಿಚಾರವು ನಮ್ಮ ನಾಡಿಗೆ ಹೊಸದೇನೂ ಅಲ್ಲ. ಹಿಂದೆ ಸಿಂದಗಿ ತಾಲೂಕಿಗೆ ಸೇರಿದ್ದು ಈಗ ತಾನೇ ತಾಲೂಕು ಕೇಂದ್ರವಾಗಿರುವ ದೇವರ ಹಿಪ್ಪರಗಿಯು ಮಡಿವಾಳ ಮಾಚಿದೇವರ ಜನ್ಮಸ್ಥಳವೆಂದು ಪ್ರಸಿದ್ಧವಾಗಿದೆ. 12ನೆಯ ಶತಮಾನದಲ್ಲಿ ಬಟ್ಟೆ ಮಡಿಮಾಡುವ ಕಾಯಕವನ್ನು ಕೈಗೊಂಡ ಅವರು, ಕಾಯಕ ಮಾಡದವರ ಬಟ್ಟೆಯನ್ನು ಮುಟ್ಟುತ್ತಿರಲಿಲ್ಲವೆಂದು ಪರಂಪರೆ ಹೇಳುತ್ತದೆ. ಎಷ್ಟು ಬಟ್ಟೆ ಒಗೆದೆ ಎಂಬ ಲೆಕ್ಕಕ್ಕಿಂತ, ಯಾವ ಸಮಾಜಕ್ಕಾಗಿ ಒಗೆಯುತ್ತಿದ್ದೇನೆ ಎಂಬುದು ಅವರಿಗೆ ಮುಖ್ಯವಾಗಿತ್ತು.

ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳ ಕಥೆಯನ್ನು ನೀವು ಕೇಳಿರಬಹುದು. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಅವರ ಕಾಯಕ. ಒಂದು ದಿನ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ಮನೆಗೆ ತಂದನು. ಲಕ್ಕಮ್ಮನು ಹಿಗ್ಗಲಿಲ್ಲ; ನಮಗೆ ಬೇಕಾದಷ್ಟೇ ಸಾಕು, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬಾ ಎಂದು ಗಂಡನನ್ನು ಹಿಂದಕ್ಕೆ ಕಳುಹಿಸಿದಳು. ಅಳತೆ ಹೆಚ್ಚಿತು ಎಂದಮಾತ್ರಕ್ಕೆ ಉದ್ದೇಶ ಈಡೇರಿತು ಎಂದಲ್ಲ ಎಂಬುದನ್ನು ಆ ತಾಯಿ ಅರಿತಿದ್ದಳು.

ಸಂಖ್ಯೆಯೇ ಗುರಿಯಾದಾಗ

ನಮ್ಮ ದೇಶವು 1952ರಲ್ಲಿ ರಾಷ್ಟ್ರೀಯ ಕುಟುಂಬ ಯೋಜನಾ ಕಾರ್ಯಕ್ರಮವನ್ನು ಕೈಗೊಂಡಿತು. ಸರ್ಕಾರವೇ ಮುಂದಾಗಿ ಇಂಥ ಕಾರ್ಯಕ್ರಮವನ್ನು ಆರಂಭಿಸಿದ ಮೊದಲ ದೇಶ ನಮ್ಮದು. ತಾಯಂದಿರ ಆರೋಗ್ಯ ಕಾಪಾಡುವುದು ಮತ್ತು ದೇಶದ ಜನಸಂಖ್ಯೆಯನ್ನು ಹಿತಮಿತದಲ್ಲಿಡುವುದು ಇದರ ಧ್ಯೇಯ. ಆದರೆ 1960ರ ದಶಕದ ಮಧ್ಯಭಾಗದಿಂದ, ಯಾವ ವಿಧಾನಕ್ಕೆ ಎಷ್ಟು ಜನ ಎಂಬ ಗುರಿಯನ್ನು ದೆಹಲಿಯಿಂದ ರಾಜ್ಯಕ್ಕೆ, ರಾಜ್ಯದಿಂದ ಜಿಲ್ಲೆಗೆ, ಜಿಲ್ಲೆಯಿಂದ ಹಳ್ಳಿಯ ಕಾರ್ಯಕರ್ತರಿಗೆ ಹಂಚಿಕೊಡುವ ಪದ್ಧತಿ ಬಂದಿತು. ಕಾರ್ಯಕರ್ತೆಯು ಎಷ್ಟು ಬಾಣಂತಿಯರನ್ನು ಕಂಡಳು, ಎಷ್ಟು ಮಕ್ಕಳ ತೂಕ ನೋಡಿದಳು ಎಂಬುದು ಹಿಂದೆ ಸರಿಯಿತು. ಎಷ್ಟು ‘ಕೇಸು’ ತಂದಳು ಎಂಬುದೇ ಮುಂದೆ ಬಂದಿತು.

ಇದರ ಪರಿಣಾಮವು ತುರ್ತು ಪರಿಸ್ಥಿತಿಯ ಕಾಲದಲ್ಲಿ ಎಲ್ಲರ ಕಣ್ಣಿಗೂ ಬಿದ್ದಿತು. ಕೆಲವು ರಾಜ್ಯಗಳಲ್ಲಿ ಗುರಿ ಮುಟ್ಟದ ಶಿಕ್ಷಕರ ಮತ್ತು ನೌಕರರ ಸಂಬಳವನ್ನು ತಡೆಹಿಡಿಯಲಾಯಿತು. ಬಲವಂತದ ದೂರುಗಳು ಎಲ್ಲೆಡೆ ಕೇಳಿಬಂದವು. 1976–77ರಲ್ಲಿ ದೇಶದಲ್ಲಿ ಸುಮಾರು 82 ಲಕ್ಷ ಸಂತಾನಹರಣ ಶಸ್ತ್ರಚಿಕಿತ್ಸೆಗಳಾದವು. ಅವುಗಳಲ್ಲಿ ಬಹುಪಾಲು ಪುರುಷರವು. ಕಾಗದದ ಮೇಲೆ ಅದು ಹಿಂದೆಂದೂ ಕಾಣದ ಸಾಧನೆ. ಆದರೆ 1977–78ರಲ್ಲಿ ಆ ಸಂಖ್ಯೆಯು 10 ಲಕ್ಷಕ್ಕೂ ಕೆಳಗಿಳಿಯಿತು. ಮೇಲೆ ಮೇಲೆ ಹರಿದ ಕಳೆಯು ಮತ್ತೆ ಚಿಗುರಿದ ಹಾಗೆ ಅಪನಂಬಿಕೆಯು ಬೆಳೆದುನಿಂತಿತು. 1977ರಲ್ಲಿ ಕಾರ್ಯಕ್ರಮದ ಹೆಸರನ್ನು ‘ಕುಟುಂಬ ಕಲ್ಯಾಣ’ ಎಂದು ಬದಲಿಸಲಾಯಿತು. ಹೆಸರು ಬದಲಾಯಿತು, ಗುರಿಯ ಪುಸ್ತಕ ಮಾತ್ರ ಇನ್ನೂ ಬಹುಕಾಲ ಉಳಿಯಿತು.

ಗುರಿ ಬದಲಾದ ಬಗೆ

1996ರ ಏಪ್ರಿಲ್ ತಿಂಗಳಲ್ಲಿ ಕೇಂದ್ರ ಸರ್ಕಾರವು ಮೇಲಿನಿಂದ ಗುರಿ ಹೇರುವ ಪದ್ಧತಿಯನ್ನು ದೇಶದಾದ್ಯಂತ ಕೈಬಿಟ್ಟಿತು. ಮೊದಲು ಪ್ರತಿ ಹಳ್ಳಿಯ ಮನೆಗಳ ಅಗತ್ಯವೇನು ಎಂಬುದನ್ನು ಕೇಳಿ ತಿಳಿಯಬೇಕು, ಆ ಅಗತ್ಯದ ಮೇಲೆ ಕಾರ್ಯಕರ್ತೆಯ ವರ್ಷದ ಕೆಲಸವನ್ನು ಗೊತ್ತುಪಡಿಸಬೇಕು ಎಂಬ ಕ್ರಮವು ಅನಂತರ ಬಂದಿತು. ಮೇಲಿನಿಂದ ಕೆಳಕ್ಕೆ ಹರಿಯುತ್ತಿದ್ದ ಲೆಕ್ಕವು ಕೆಳಗಿನಿಂದ ಮೇಲಕ್ಕೆ ಹೋಗಬೇಕೆಂಬುದೇ ಇದರ ಸಾರ.

2005ರಲ್ಲಿ ಆರಂಭವಾದ ಗ್ರಾಮೀಣ ಆರೋಗ್ಯ ಅಭಿಯಾನದಲ್ಲಿ ಸುಮಾರು 1000 ಜನಸಂಖ್ಯೆಗೆ ಒಬ್ಬರಂತೆ, ಅದೇ ಊರಿನ ಮಹಿಳೆಯನ್ನು ಆಶಾ ಕಾರ್ಯಕರ್ತೆಯಾಗಿ ಆರಿಸಲಾಯಿತು. ಅವರಿಗೆ ಮಾಡಿದ ಕೆಲಸಕ್ಕೆ ತಕ್ಕಂತೆ ಪ್ರೋತ್ಸಾಹಧನ ದೊರೆಯುತ್ತದೆ. ಇದೂ ಒಂದು ಬಗೆಯ ಗುತ್ತಿಗೆಯೇ ಅಲ್ಲವೆ ಎಂದು ನೀವು ಕೇಳಬಹುದು. ಹೌದು. ಆದರೆ ಯಾವುದಕ್ಕೆ ಹಣ ಎಂಬುದನ್ನು ವಿವೇಕದಿಂದ ಗೊತ್ತುಪಡಿಸಿದರೆ ಗುತ್ತಿಗೆಯೂ ಬೆಳೆಯನ್ನು ಉಳಿಸಬಲ್ಲದು.

ಒಂದು ಉದಾಹರಣೆಯನ್ನು ನೋಡಿರಿ. 2011ರಲ್ಲಿ ನವಜಾತ ಶಿಶುವನ್ನು ಮನೆಯಲ್ಲಿಯೇ ಕಂಡು ಆರೈಕೆ ಮಾಡುವ ಯೋಜನೆ ಬಂದಿತು. ಆಸ್ಪತ್ರೆಯಲ್ಲಿ ಹೆರಿಗೆಯಾಗಿದ್ದರೆ ಆಶಾ ಕಾರ್ಯಕರ್ತೆಯು 3, 7, 14, 21, 28 ಮತ್ತು 42ನೆಯ ದಿನಗಳಂದು ಮನೆಗೆ ಬರಬೇಕು. ಮನೆಯಲ್ಲಿಯೇ ಹೆರಿಗೆಯಾಗಿದ್ದರೆ ಮೊದಲನೆಯ ದಿನವೂ ಬರಬೇಕು. ಇದಕ್ಕೆ ಆಗ 250 ರೂಪಾಯಿ ಗೊತ್ತುಪಡಿಸಲಾಯಿತು. ಆದರೆ ಬಂದು ಹೋದಳೆಂದಮಾತ್ರಕ್ಕೆ ಆ ಹಣ ಸಿಗದು. ಮಗುವಿನ ತೂಕ ಕಾರ್ಡಿನಲ್ಲಿ ದಾಖಲಾಗಿರಬೇಕು, ಮೊದಲ ಲಸಿಕೆಗಳು ಬಿದ್ದಿರಬೇಕು, ಜನನ ನೋಂದಣಿಯಾಗಿರಬೇಕು, 42 ದಿನಗಳವರೆಗೆ ತಾಯಿ ಮಗು ಇಬ್ಬರೂ ಕ್ಷೇಮವಾಗಿರಬೇಕು. ಇಲ್ಲಿ ಕಾರ್ಯಕರ್ತೆಯ ಲಾಭ, ಇಲಾಖೆಯ ಧ್ಯೇಯ, ನಿಮ್ಮ ತೊಟ್ಟಿಲ ಕ್ಷೇಮ ಮೂರೂ ಒಂದೇ ಗಂಟಿನಲ್ಲಿ ಸೇರಿವೆ.

ಇಂದಿಗೂ ಎಚ್ಚರ ಅಗತ್ಯ

ಹಾಗೆಂದು ಹಳೆಯ ಅಭ್ಯಾಸವು ಪೂರ್ತಿಯಾಗಿ ಅಳಿಯಿತೆಂದು ಭಾವಿಸಬಾರದು. 2014ರ ನವೆಂಬರಿನಲ್ಲಿ ಛತ್ತೀಸಗಢದ ಬಿಲಾಸಪುರ ಜಿಲ್ಲೆಯ ಒಂದು ಶಿಬಿರದಲ್ಲಿ ಕೆಲವೇ ಗಂಟೆಗಳಲ್ಲಿ 83 ಮಹಿಳೆಯರಿಗೆ ಶಸ್ತ್ರಚಿಕಿತ್ಸೆ ಮಾಡಲಾಯಿತು. ಒಬ್ಬ ವೈದ್ಯರು ದಿನಕ್ಕೆ 30ಕ್ಕಿಂತ ಹೆಚ್ಚು ಮಾಡಬಾರದೆಂಬ ನಿಯಮವಿದ್ದರೂ ಹೀಗಾಯಿತು. ಅನಂತರದ ದಿನಗಳಲ್ಲಿ ಹತ್ತಕ್ಕೂ ಹೆಚ್ಚು ತಾಯಂದಿರು ಮರಣ ಹೊಂದಿದರು. 2016ರ ಸೆಪ್ಟೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು, ಇಂಥ ಶಿಬಿರಗಳನ್ನು ಮೂರು ವರ್ಷದೊಳಗೆ ನಿಲ್ಲಿಸಬೇಕೆಂದೂ, ಕಾರ್ಯಕರ್ತರು ಜನರನ್ನು ಒತ್ತಾಯಿಸುವಂತಾಗುವ ಯಾವ ಗುರಿಯನ್ನೂ ಗೊತ್ತುಪಡಿಸಬಾರದೆಂದೂ ತೀರ್ಪಿತ್ತಿತು. ನಿಯಮದಂತೆ ಆಸ್ಪತ್ರೆಯಲ್ಲಿ ಮಾಡಿದ ಶಸ್ತ್ರಚಿಕಿತ್ಸೆಯು ಸುರಕ್ಷಿತವಾದುದು. ಅಪಾಯವಿರುವುದು ಸಂಖ್ಯೆಯ ಅವಸರದಲ್ಲಿ.

ಇನ್ನೊಂದು ಮಾತು. 2019–20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಒಬ್ಬ ಮಹಿಳೆಗೆ ಸರಾಸರಿ 1.7 ಮಕ್ಕಳು. ಚಿಕ್ಕ ಸಂಸಾರವನ್ನು ಜನರೇ ಒಪ್ಪಿಕೊಂಡಿದ್ದಾರೆ. ಆದರೆ 15ರಿಂದ 49 ವರ್ಷದ ವಿವಾಹಿತ ಮಹಿಳೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದರೆ, ಪುರುಷರ ಪಾಲು ಬಹುತೇಕ ಶೂನ್ಯ. ಎಣಿಸಲು ಸುಲಭವಾದ ಒಂದೇ ದಾರಿಯಲ್ಲಿ ಎಲ್ಲರೂ ನಡೆಯುತ್ತ ಬಂದುದೂ ಇದಕ್ಕೆ ಒಂದು ಕಾರಣ. ಮೊದಲನೆಯ ಮಗುವಿಗೂ ಎರಡನೆಯದಕ್ಕೂ ಅಂತರವಿಡುವ ಕೆಲಸವು ಪುಸ್ತಕದಲ್ಲಿ ಅಷ್ಟಾಗಿ ಕಾಣುವುದಿಲ್ಲ; ತಾಯಿಯ ರಕ್ತದಲ್ಲಿ, ಮಗುವಿನ ತೂಕದಲ್ಲಿ ಕಾಣುತ್ತದೆ.

ದಂಪತಿಗಳು ಮಾಡಬೇಕಾದುದು

ಕಾರ್ಯಕರ್ತೆಯ ಗುರಿಯನ್ನು ನಿಮ್ಮ ಕ್ಷೇಮದೊಡನೆ ಹೊಂದಿಸುವ ಶಕ್ತಿಯು ನಿಮ್ಮ ಕೈಯಲ್ಲಿಯೂ ಇದೆ.

1. ಆಶಾ ಕಾರ್ಯಕರ್ತೆಯು ಸಮೀಕ್ಷೆಗೆ ಬಂದಾಗ ಗಂಡ ಹೆಂಡತಿ ಇಬ್ಬರೂ ಕುಳಿತು ನಿಜವಾದ ಅಗತ್ಯವನ್ನು ಹೇಳಿರಿ. ನೀವು ಹೇಳದಿದ್ದರೆ ನಿಮ್ಮ ಅಗತ್ಯವು ಅವರ ವರ್ಷದ ಲೆಕ್ಕದಲ್ಲಿ ಸೇರುವುದಿಲ್ಲ.

2. ಒಂದು ಹೆರಿಗೆಯ ನಂತರ ಮತ್ತೆ ಗರ್ಭ ನಿಲ್ಲಲು ಕನಿಷ್ಠ 2 ವರ್ಷ ಕಳೆಯಲಿ. ನಿರೋಧ್, ನುಂಗುವ ಮಾತ್ರೆ, ವಾರಕ್ಕೊಮ್ಮೆಯ ‘ಛಾಯಾ’ ಮಾತ್ರೆ, ಮೂರು ತಿಂಗಳಿಗೊಮ್ಮೆಯ ‘ಅಂತರಾ’ ಚುಚ್ಚುಮದ್ದು, ಕಾಪರ್-ಟಿ ಇವೆಲ್ಲವುಗಳ ಗುಣದೋಷಗಳನ್ನು ವಿವರಿಸುವಂತೆ ಕೇಳಿರಿ. ಕೇಳುವುದು ನಿಮ್ಮ ಹಕ್ಕು. ವಿವರಿಸುವುದು ಅವರ ಕರ್ತವ್ಯ.

3. ಮಕ್ಕಳು ಸಾಕೆಂದು ನಿಶ್ಚಯಿಸಿದ್ದರೆ ಪುರುಷರ ಶಸ್ತ್ರಚಿಕಿತ್ಸೆಯನ್ನೂ ಆಲೋಚಿಸಿರಿ. ಅದು ಕೆಲವೇ ನಿಮಿಷಗಳ ಕೆಲಸ, ಅದೇ ದಿನ ಮನೆಗೆ ಮರಳಬಹುದು. ಕೆಲವು ದಿನ ಭಾರದ ಕೆಲಸ ಬಿಡಬೇಕು, ಮೂರು ತಿಂಗಳು ಬೇರೊಂದು ವಿಧಾನವನ್ನು ಬಳಸಬೇಕು, ಅನಂತರ ಪರೀಕ್ಷೆ ಮಾಡಿಸಬೇಕು. ರಂಟೆ ಹೊಡೆಯುವ ಶಕ್ತಿಯಾಗಲಿ ಪುರುಷತ್ವವಾಗಲಿ ಕುಂದುವುದಿಲ್ಲ.

4. ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಓದಿಸಿ ಕೇಳಿ, ತಿಳಿದ ನಂತರವೇ ಸಹಿ ಅಥವಾ ಹೆಬ್ಬೆಟ್ಟು ಹಾಕಿರಿ. ಸಂಶಯವಿದ್ದರೆ ಆ ದಿನ ಬೇಡವೆನ್ನಿರಿ.

5. ದುಡಿಮೆಗಾಗಿ ಮಹಾರಾಷ್ಟ್ರಕ್ಕೋ ಗೋವೆಗೋ ಗುಳೆ ಹೋಗುವ ಮುನ್ನ ಕಾರ್ಯಕರ್ತೆಗೆ ತಿಳಿಸಿರಿ. ತಾಯಿ ಕಾರ್ಡನ್ನು ಜೊತೆಗೆ ಒಯ್ಯಿರಿ. ಊರಿನಲ್ಲಿಲ್ಲದ ಮಗುವು ಊರಿನ ಲೆಕ್ಕದಿಂದ ತಪ್ಪಿದರೆ ಲಸಿಕೆಯೂ ತಪ್ಪುತ್ತದೆ.

6. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಯ ಸಭೆಗೆ ಹೋಗಿರಿ. ಎಷ್ಟು ಕೇಸಾಯಿತು ಎಂದು ಕೇಳಬೇಡಿರಿ. ಎಷ್ಟು ಬಾಣಂತಿಯರ ಮನೆಗೆ ಭೇಟಿಯಾಯಿತು, ಎಷ್ಟು ಮಕ್ಕಳ ತೂಕ ಏರಿತು ಎಂದು ಕೇಳಿರಿ. ಕೇಳಿದ್ದನ್ನು ಎಣಿಸುತ್ತಾರೆ, ಎಣಿಸಿದ್ದನ್ನು ಮಾಡುತ್ತಾರೆ.

ಕಾರ್ಯಕರ್ತೆಯೂ ನಿಮ್ಮ ಊರಿನ ಮಗಳು ಅಥವಾ ಸೊಸೆ. ಬಿಸಿಲಿನಲ್ಲಿ ಮನೆ ಮನೆ ತಿರುಗುವ ಅವಳಿಗೂ ತನ್ನದೊಂದು ಸಂಸಾರವಿದೆ, ಮೇಲಿನವರಿಗೆ ಒಪ್ಪಿಸಬೇಕಾದ ಲೆಕ್ಕವಿದೆ. ಅವಳನ್ನು ಶಂಕೆಯಿಂದ ಕಾಣದೆ, ನಿಮ್ಮ ಅಗತ್ಯವನ್ನು ಅವಳ ಮುಂದೆ ನಿಸ್ಸಂಕೋಚವಾಗಿ ಇಡಿರಿ. ಹೆಚ್ಚಿನ ಅಕ್ಕಿಯನ್ನು ಹಿಂದಿರುಗಿಸಿದ ಲಕ್ಕಮ್ಮನ ವಿವೇಕವು ಪ್ರತಿ ಮನೆಯಲ್ಲಿಯೂ ನೆಲೆಸಲಿ. ಆಗ ಅವಳ ಪುಸ್ತಕದಲ್ಲಿ ಏರುವ ಸಂಖ್ಯೆಯೂ, ನಿಮ್ಮ ಮನೆಯಲ್ಲಿ ಬೆಳೆಯುವ ಆರೋಗ್ಯವೂ ಒಂದೇ ಆಗುವುವು.