ಮೋಡ ಕವಿದರೂ ನಿಲ್ಲದ ಹುಡುಕಾಟ

ಅಜ್ಞಾತದತ್ತ ಮನುಷ್ಯನನ್ನು ಸೆಳೆಯುವುದು ಯಾವುದು? ಫ್ರಾನ್ಸಿನ ಖಗೋಳ ವಿಜ್ಞಾನಿ ಪಿಯರ್ ಜಾನ್ಸೆನ್‌ರನ್ನು ಗಮನಿಸಿ. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣವನ್ನು ಅವರು ಗುಂಟೂರಿನಲ್ಲಿ ವೀಕ್ಷಿಸಿದರು. ಸೂರ್ಯನ ಅಂಚಿನ ಚಾಚಿಕೆಗಳ ರೋಹಿತದಲ್ಲಿ ಉಜ್ವಲ ರೇಖೆಗಳಿದ್ದವು. ಅಂದರೆ ಅವು ಕಾದ ಅನಿಲಗಳು. ಮರುದಿನ ಗ್ರಹಣವಿಲ್ಲದೆಯೇ ಆ ರೇಖೆಗಳನ್ನು ಕಂಡರು.

ಒಂದು ಉತ್ತರ ಸಿಕ್ಕಿತು. ಇನ್ನೊಂದು ಪ್ರಶ್ನೆ ಉಳಿಯಿತು. ಗ್ರಹಣಕಾಲದಲ್ಲಿ ಕಾಣುವ ಮಂದಪ್ರಭೆ 'ಕರೋನ' ಸೂರ್ಯನದೋ, ನಮ್ಮ ವಾಯುಮಂಡಲದ ಪರಿಣಾಮವೋ? ಇದನ್ನರಿಯಲು 1870ರ ಡಿಸೆಂಬರಿನಲ್ಲಿ, ಶತ್ರುಸೇನೆ ಮುತ್ತಿದ್ದ ಪ್ಯಾರಿಸ್ಸಿನಿಂದ ಬಲೂನಿನಲ್ಲಿ ಪಾರಾಗಿ ಅಲ್ಜೀರಿಯ ತಲುಪಿದರು. ಗ್ರಹಣದ ವೇಳೆಗೆ ಮೋಡ ಕವಿಯಿತು!

ಮರುವರ್ಷ ನೀಲಗಿರಿಗೆ ಬಂದರು. ಆಗಸ ತಿಳಿಯಾಗಿತ್ತು, ಕರೋನ ಸೂರ್ಯನದೇ ಎಂಬ ತೀರ್ಮಾನಕ್ಕೆ ಬಂದರು.

ಅವರನ್ನು ಮತ್ತೆ ಮತ್ತೆ ಹೊರಡಿಸಿದ್ದು ಉತ್ತರದ ಬೆನ್ನಿಗೇ ಹುಟ್ಟಿದ ಪ್ರಶ್ನೆ. ಪಾಠ ಮುಗಿದಾಗ ನಿಮ್ಮಲ್ಲಿ ಉಳಿಯುವ ಪ್ರಶ್ನೆ ಯಾವುದು? ಅದನ್ನು ಬರೆದಿಡಿ.